ಅಕ್ಕನ ಬೂದಿಯಲ್ಲಿ ನಾಲ್ಕು ಸ್ಕ್ರೂ

“ಲೇ, ಗಡಿಗಿ ಹೊಳಿಗೆ ಬಿಡು!”

ಯಲ್ಲಾರಿಯ ಕೈಯಲ್ಲಿ ಕಬ್ಬಿಣದ ರಾಡು. ನನ್ನ ಕೈಯಲ್ಲಿ ನನ್ನ ಅಕ್ಕ.

ಹೌದು ಸಾಹೇಬರೇ, ಅಕ್ಕನೇ. ಸುಂದ್ರವ್ವ. ಸುಟ್ಟು ಮೂರು ದಿನವಾಗಿತ್ತು. ಅವತ್ತು ಬೆಳಿಗ್ಗೆ ಬೂದಿ ತುಂಬಿಕೊಂಡು ನಾನೂ ಭಾವ ಶೆಟ್ಟೆಪ್ಪನೂ ಧುಪದಾಳದ ಒಡ್ಡಿಗೆ ಬಂದಿದ್ದೆವು, ಹೊಳೆಗೆ ಬಿಡಲು. ಗಡಿಗೆಯನ್ನು ಎದೆಗೊತ್ತಿ ಹಿಡಿದಿದ್ದೆ. ಇನ್ನೂ ಬಿಸಿ ಇತ್ತೋ, ನನಗೇ ಹಾಗನ್ನಿಸಿತೋ!

“ಯಲ್ಲಾರಿ, ನೀನೂ ನಾನೂ ಒಬ್ಬಾವನ ಕಡೆ ಪಗಾರ ತಗೋತೀವಿ. ನಡುವ ಬರಬ್ಯಾಡ.”

“ಸಾವ್ಕಾರ್ರೇ ಕಳಿಸ್ಯಾರ. ಅದು ಹೊಳಿಗೆ ಬೀಳೂತನಕ ಅಲ್ಲೇ ನಿಂದರು ಅಂದಾರ.”

ಸಾವ್ಕಾರ ಅಂದರೆ ಕಾಶಿನಾಥ. ಗೋಕಾಕದಲ್ಲಿ ವರ್ಕ್‌ಶಾಪ್. ಬೆನ್ನುಮೂಳೆ ಆಪರೇಶನ್ನಿಗೆ ಬೇಕಾದ ಹತಾರ, ಮೂಳೆಗೆ ಹಾಕುವ ಸ್ಕ್ರೂ, ಎಲ್ಲ ಅವನದೇ ಸಪ್ಲೈ. ನಾನು ಅವನ ಬಂಟ. ಮೊದಲು ಪೊಲೀಸ್ ಆಗಿದ್ದವನು, ಡಿಸ್‌ಮಿಸ್ ಆದವನು. ಆಸ್ಪತ್ರೆಗಳಿಗೆ ಸ್ಕ್ರೂ ಡಬ್ಬ ಮುಟ್ಟಿಸುವುದು, ತಕರಾರು ಮಾಡುವವರ ಬಾಯಿ ಮುಚ್ಚಿಸುವುದು... ಎರಡರಲ್ಲೂ ನಾನು ಎತ್ತಿದ ಕೈ!

ಬೂದಿ ಆರಿಸುವಾಗ ಅಕ್ಕನ ಬೆನ್ನಿನ ನಾಲ್ಕು ಸ್ಕ್ರೂ ಸಿಕ್ಕವು. ಒಂದು ಮುರಿದಿತ್ತು. ಕೊನೆಯ ಆರು ತಿಂಗಳು ಅದರಿಂದಲೇ ಬೆನ್ನಲ್ಲಿ ಕೀವಾಗಿ, ಆ ಕೀವು ರಕ್ತಕ್ಕೆ ಏರಿ ಅಕ್ಕ ಸತ್ತಿದ್ದಳು. ಕಾಶಿನಾಥನಿಗೆ ಫೋನ್ ಮಾಡಿ ಹೇಳಿದೆ. “ಯಾರ್ ಯಾರು ನೋಡ್ಯಾರ?” ಎಂದು ಮೊದಲು ಕೇಳಿದ. ಆಮೇಲೆ “ಬೂದಿ ಜೋಡಿ ಹೊಳಿಗೆ ಬಿಟ್ಟಬಿಡು” ಅಂದ. ಅಲ್ಲೇ ನನ್ನ ಪೊಲೀಸ್ ಮೂಗಿಗೆ ವಾಸನೆ ಬಡಿಯಿತು. ಸ್ಕ್ರೂ ತೆಗೆದಿಡೋಣ ಅಂದೆ, ಆದರೆ ಭಾವ ಕೇಳಲಿಲ್ಲ. “ಆಕಿ ಮೈಯಾಗಿಂದೆಲ್ಲಾ ಆಕಿ ಜೋಡಿನೇ ಹೋಗಲಿ” ಎಂದು ಸ್ಕ್ರೂಗಳನ್ನೂ ಗಡಿಗೆಗೇ ಹಾಕಿದ್ದ.

ಹೊಳೆಗೆ ಬಿಡುವ ಮುಂಚೆ ಒಂದನ್ನಾದರೂ ತೆಗೆಯೋಣವೆಂದು ಗಡಿಗೆಗೆ ಕೈ ಹಾಕಿದೆ. ಯಲ್ಲಾರಿ ರಾಡು ಬೀಸಿದ.

ತಪ್ಪಿಸಿಕೊಂಡೆ. ಗಡಿಗೆ ತಪ್ಪಿಸಿಕೊಳ್ಳಲಿಲ್ಲ!

ಅಕ್ಕ ಕಲ್ಲಿನ ಮೇಲೆಲ್ಲ ಚೆಲ್ಲಿದಳು. ಗಾಳಿಗೆ ಅರ್ಧ ಹಾರಿತು. ಭಾವ ಕಿಟ್ಟನೆ ಚೀರಿದ. ನಾನು ಮೊಣಕಾಲೂರಿ ಬೂದಿಯಲ್ಲಿ ಎರಡೂ ಕೈಯಾಡಿಸಿದೆ. ನನ್ನನ್ನು ಎತ್ತಿ ಆಡಿಸಿದವಳ ಬೂದಿ, ಸಾಹೇಬರೇ... ಆದರೂ ತಡಕಾಡಿದೆ. ಮೂರು ಸ್ಕ್ರೂ ನೀರಿಗೆ ಉರುಳಿದವು. ಒಂದು ಕೈಗೆ ಸಿಕ್ಕಿತು.

ಯಲ್ಲಾರಿ ಮತ್ತೆ ರಾಡೆತ್ತಿದ. ಭಾವ ಅವನ ಕಾಲಿಗೆ ಜೋತುಬಿದ್ದ.

“ಓಡಲೇ ಸಿದ್ರಾಯಾ!”

ಓಡಿದೆ. ಬೈಕ್ ಹತ್ತಿದವನು ಗೋಕಾಕದಲ್ಲೇ ಇಳಿದದ್ದು.

ವರ್ಕ್‌ಶಾಪಿನಲ್ಲಿ ಮುದುಕ ಅಣ್ಣಪ್ಪ ಒಬ್ಬರೇ ಲೇತ್ ಮುಂದಿದ್ದರು. ಸ್ಕ್ರೂ ನೋಡಿದ್ದೇ ಮಶೀನ್ ಬಂದ್ ಮಾಡಿದರು. ಡ್ರಾಯರಿನಿಂದ ಅಯಸ್ಕಾಂತ ತೆಗೆದು ಹತ್ತಿರ ಹಿಡಿದರು.

ಟಕ್! ಅಂಟಿಕೊಂಡಿತು.

“ಮೈಯಾಗ ಹಾಕೋ ಟೈಟೇನಿಯಮ್ ಆಗಿದ್ರ ಹತ್ತತಿರಲಿಲ್ಲಪಾ. ಇದು ಸಾದಾ ಉಕ್ಕು. ಕಲಿಯೋ ಡಾಕ್ಟರ್ ಹುಡುಗರು ಪ್ಲಾಸ್ಟಿಕ್ ಎಲುಬಿನ ಮ್ಯಾಲೆ ತಿರುವಿ ಕಲೀಲಿ ಅಂತ ನಾನೇ ಮಾಡಿದ್ದು. ನೋಡಿಲ್ಲಿ, ಕೊರಳಿಗೆ ಒಂದು ಗೀರು... ಖರೆ ಮಾಲಿನಾಗ ಕೂಡಬಾರದಂತ ಹಾಕತೇನಿ.”

“ಮತ್ತ ಹೆಂಗ ಕೂಡ್ತು ಕಾಕಾ?”

“ಅವತ್ತ ಖರೆ ಮಾಲು ಬಂದಿರಲಿಲ್ಲ. ಹುಕ್ಕೇರ್ಯಾಗ ಎರಡು ಆಪರೇಶನ್ ಇದ್ವು. ಸಾವ್ಕಾರ್ರು ಇವನ್ನೇ ಎಂಟು ತುಂಬಿ ಕಳಿಸಿದ್ರು. ನಾ ಬ್ಯಾಡ ಅಂದೆ... ಆಮ್ಯಾಲ ಸುಮ್ಮನಾದೆ.”

“ಯಾರ ಕೈಯಾಗ ಕಳಿಸಿದ್ರು?”

ಅಣ್ಣಪ್ಪ ನನ್ನ ಮುಖ ನೋಡಿದರು.

“ನಿನ್ನ ಕೈಯಾಗ.”

ಎರಡು ವರ್ಷದ ಹಿಂದಿನ ಆ ದಿನ... ಎಲ್ಲ ನೆನಪಾಯಿತು. ಹುಕ್ಕೇರಿ ಆಸ್ಪತ್ರೆಯ ಕಾಟಿನ ಮೇಲೆ ಅಕ್ಕ ನಡುಗುತ್ತ ಕೂತಿದ್ದಳು. “ಬ್ಯಾಡೋ ತಮ್ಮಾ, ಬೆನ್ನಾಗ ಅದನ್ನ ಇಟಗೊಂಡು ಹೆಂಗ ಬದಕಲಿ?” ನಾನು ಡಬ್ಬವನ್ನೇ ಅವಳ ಕೈಯಲ್ಲಿಟ್ಟೆ.

“ಹಿಡದ ನೋಡಕ್ಕಾ, ಎಷ್ಟ ಭಾರ ಐತಿ! ಗಟ್ಟಿ ಮಾಲು.”

ಸಂತೆಯಲ್ಲಿ ತಾಮ್ರದ ಕೊಡ ಕೊಳ್ಳುವಾಗ ಅಕ್ಕ ಕೈಯಲ್ಲೇ ಎತ್ತಿ ತೂಗುವವಳು. ಹಗುರವಿದ್ದರೆ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಡಬ್ಬವನ್ನೂ ಹಾಗೇ ತೂಗಿದಳು. ನಕ್ಕಳು. “ಹೂಂ, ಗಟ್ಟಿ ಐತಿ. ಆತ ಬಿಡು.” ಆಪರೇಶನ್ನಿನ ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು.

ಟೈಟೇನಿಯಮ್ ಹಗುರ, ಸಾಹೇಬರೇ! ಎಷ್ಟೋ ವರ್ಷ ಆ ಡಬ್ಬಗಳನ್ನು ಹೊತ್ತವನು ನಾನು. ಅವತ್ತು ಯಾಕೆ ಭಾರ ಎಂದು ಕೇಳಬೇಕಿತ್ತು. ನಾನು ಹೆಮ್ಮೆಪಟ್ಟೆ!

“ಕೇಳಿ ಮುಗೀತೇನು?”

ಬಾಗಿಲಲ್ಲಿ ಕಾಶಿನಾಥ. ಇಸ್ತ್ರಿ ಮಾಡಿದ ಬಿಳಿ ಅಂಗಿ.

“ಅದನ್ನ ಇಲ್ಲಿ ಕೊಡು ಸಿದ್ರಾಯ. ಅಕ್ಕ ತಿರುಗಿ ಬರಂಗಿಲ್ಲ. ಡಬ್ಬಿ ಒಯ್ದ ಸಹಿ ನಿಂದೈತಿ. ಸಿಕ್ಕೊಂಡ್ರ ನೀನೂ ಸಿಕ್ಕೋತಿ.”

“ಅಕ್ಕಗ ನಾಕು. ಉಳದ ನಾಕು ಯಾರಿಗ್ರಿ?”

ಅಣ್ಣಪ್ಪ ಬಾಯಿ ಬಿಟ್ಟರು.

“ಮೂಡಲಗಿ ಮೇಘಾ. ಬಸ್‌ಸ್ಟ್ಯಾಂಡ್ ಬಾಜೂ ಹೊಲಿಗಿ ಹಾಕತಾಳ.”

“ಮುಚ್ಚಲೇ ಮುದುಕಾ!” ಕಾಶಿನಾಥ ಸ್ಕ್ರೂ ಕಿತ್ತುಕೊಳ್ಳಲು ನನ್ನ ಮೇಲೆ ಎರಗಿದ.

ಒಂದೇ ಹೊಡೆದೆ. ಬಿದ್ದ ಹಲ್ಲು ಎಷ್ಟೆಂದು ನೋಡಲು ನಿಲ್ಲಲಿಲ್ಲ.

ದಾರಿಯುದ್ದಕ್ಕೂ ಯಲ್ಲಾರಿಯ ಜೀಪು ಬೆನ್ನಿಗಿತ್ತು. ಕೌಜಲಗಿ ಕಡೆಯ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ನುಸುಳಿ ತಪ್ಪಿಸಿಕೊಂಡೆ. ಮೂಡಲಗಿಯಲ್ಲಿ ಮೇಘಾ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಮಶೀನ್ ತುಳಿಯುತ್ತಿದ್ದಳು. ಇಪ್ಪತ್ತೈದೂ ಆಗಿರಲಿಕ್ಕಿಲ್ಲ.

“ಬೆನ್ನ ನೋಯತೈತೇನು ತಂಗಿ?”

“ಒಂದ್ ತಿಂಗಳಾತ್ರಿ. ಯಾಕ್ರಿ ಅಣ್ಣಾ?”

ಸ್ಕ್ರೂ ಅವಳ ಅಂಗೈಯಲ್ಲಿಟ್ಟೆ. ನಿನ್ನ ಬೆನ್ನಲ್ಲಿರುವುದೂ ಇದೇ ಎಂದೆ. ಅವಳು ಎತ್ತಿ ತೂಗಿ ನೋಡಿದಳು... ಥೇಟ್ ಅಕ್ಕನ ಹಾಗೆ.

“ಭಾರ ಐತಲ್ರಿ. ಗಟ್ಟಿ ಇರಬೇಕಲ್ರಿ ಮತ್ತ?”

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಕ್ಕ ಸತ್ತ ದಿನ ಬಾರದ ಅಳು ಅವತ್ತು ಬಂತು. ಅವಳು ನೀರು ಕೊಟ್ಟಳು. ಕುಡಿದು, ಒಂದನ್ನೂ ಮುಚ್ಚಿಡದೆ ಹೇಳಿದೆ. ಡಬ್ಬ ತಂದವನು ನಾನೇ ಎಂದೂ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವಳನ್ನು ಆಸ್ಪತ್ರೆಗೆ ಕರೆದೊಯ್ದೆ. ಆ ಸ್ಕ್ರೂ ತೋರಿಸಿದ ಮೇಲೆಯೇ ಡಾಕ್ಟರು ನಂಬಿದ್ದು. ನಾಳೆ ಬೆಳಿಗ್ಗೆ ಅವಳ ಬೆನ್ನಿನ ನಾಲ್ಕನ್ನೂ ತೆಗೆಯುತ್ತಾರೆ. ಬದುಕುತ್ತಾಳೆ ಅಂದಿದ್ದಾರೆ.

ಸರಿ, ಬರೆದಾಯಿತೇ? ಆ ಫಾರ್ಮ್ ನನಗೆ ಹೊಸದಲ್ಲ ಸಾಹೇಬರೇ, ಹನ್ನೊಂದು ವರ್ಷ ನಾನೇ ತುಂಬಿದ್ದೇನೆ. ಆರೋಪಿ ಒಂದು, ಕಾಶಿನಾಥ... ಸರಿಯಾಗಿದೆ. ಸಾಕ್ಷಿ, ಸಿದ್ರಾಯ... ಅದನ್ನು ಹೊಡೆದುಹಾಕಿ. ಎರಡನೆಯ ಆರೋಪಿಯ ಸಾಲು ಖಾಲಿ ಇದೆಯಲ್ಲ, ಅಲ್ಲಿ ಬರೆಯಿರಿ!