ಕಿಟಕಿಯ ಬಿಸಿಲಿಗಿಟ್ಟ ತಟ್ಟೆಗಳು

"ದೀಪ ಆರಿಸ್ರೀ! ಪಾಪ, ಸಾಯಾಕತ್ತಾವ!"

ಸ್ನೇಹಲಳ ಕೂಗಿಗೆ ಅಮರ ಬೆಚ್ಚಿಬಿದ್ದ. ಎರಡು ಸಾವಿರದ ಇಸವಿಯ ಚಳಿಗಾಲ. ಬೆಳಗಾವಿಯ ಕಾಲೇಜಿನ ಪ್ರಯೋಗಾಲಯದಲ್ಲಿ ಅವಳಿಗೆ ಅದು ಮೊದಲ ದಿನ.

"ಸಾಯಲಿ ಅಂತನ ಹಚ್ಚೇನ್ರೀ," ಅಂತ ನಕ್ಕ ಅವನು. "ಈ ತಟ್ಟೆಯಾಗ ಇರೂವು ಯೀಸ್ಟ್, ಹಿಟ್ಟು ಉಬ್ಬಸೂ ಸಣ್ಣ ಜೀವ. ಅತಿನೇರಳೆ ಬೆಳಕಿಗೆ ಎಷ್ಟು ಸಾಯ್ತಾವ, ಮೊದಲ ಆಯಸ್ಕಾಂತದ ನಡುವ ಇಟ್ರ ಎಷ್ಟು ಉಳೀತಾವ, ನೋಡೂದ ನಮ್ಮ ಕೆಲಸ."

ಸ್ನೇಹಲಳದು ಖಾಸಬಾಗದ ಜೈನರ ಮನೆ, ನೀರನ್ನೂ ಸೋಸಿ ಕುಡಿಯುವವರು. ಅವಳಿಗೆ ಇದೇ ಕೆಲಸ ಸಿಗಬೇಕೆ! ಬಿಟ್ಟು ಹೋಗೋಣವೆಂದರೆ… ಖಾನಾಪುರದ ಕಡೆಯ, ಪಾರಿಶ್ವಾಡದ ಈ ಹುಡುಗನ ನಗು! ಸುಳ್ಳೇಕೆ, ಆ ಕ್ಷಣವೇ ಮನಸ್ಸು ಸೋತಿತ್ತು.

ಆಯಸ್ಕಾಂತದ ತಟ್ಟೆಗಳು ಅವಳ ಪಾಲು, ಬರೀ ದೀಪದವು ಅವನ ಪಾಲು. ದೀಪ ತೋರಿಸಿದೊಡನೆ ಎಲ್ಲವನ್ನೂ ಕತ್ತಲ ಕಪಾಟಿನಲ್ಲಿಡಬೇಕು. ಯಾಕೆಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

'ಸಾಯುವ ಜೀವ ಕತ್ತಲಲ್ಲೇಕೆ ಸಾಯಬೇಕು?'

ಅವನಿಗೆ ಕಾಣದಂತೆ ತನ್ನ ತಟ್ಟೆಗಳನ್ನು ಒಂದು ತಾಸು ಕಿಟಕಿಯ ಬಿಸಿಲಿಗಿಟ್ಟಳು. ಮನಸ್ಸಿನಲ್ಲೇ ಣಮೋಕಾರ ಮಂತ್ರ ಹೇಳಿದಳು. ಆಮೇಲೆ ಕಪಾಟು.

ಮೂರನೇ ದಿನ ಅವಳ ತಟ್ಟೆಗಳ ತುಂಬ, ಬದುಕುಳಿದ ಯೀಸ್ಟ್ ಬೆಳೆದ ಬಿಳಿ ಚುಕ್ಕಿಗಳು! ಅವನವುಗಳಲ್ಲಿ ಬೆರಳೆಣಿಕೆಯಷ್ಟು.

"ಸ್ನೇಹಲ, ಆಯಸ್ಕಾಂತ ಜೀವ ಉಳಸೇತಿ! ಸೋಮವಾರ ಇದರ ವರದಿ ಎಲ್ಲಾರ ಮುಂದ ಓದತೇನಿ!"

ಅವನ ಖುಷಿಯಲ್ಲಿ ಅವಳೂ ತೇಲಿಹೋದಳು. ಆದರೆ ಶನಿವಾರ ಗ್ರಂಥಾಲಯದ ಪುಸ್ತಕವೊಂದರಲ್ಲಿ ಕಂಡ ಸಾಲನ್ನು ಅವಳು ಎರಡೆರಡು ಸಲ ಓದಿದಳು. ಅತಿನೇರಳೆ ಬೆಳಕಿಗೆ ಗಾಯಗೊಂಡ ಯೀಸ್ಟ್, ಹಗಲ ಬೆಳಕು ಸಿಕ್ಕರೆ ಚೇತರಿಸಿಕೊಳ್ಳುತ್ತದೆ!

ಅಯ್ಯೋ… ತಾನು ಬಿಸಿಲಿಗಿಟ್ಟದ್ದನ್ನು ಹೇಳಿದರೆ ಅವನು ದೂರವಾಗುತ್ತಾನೆ. ಹೇಳದಿದ್ದರೆ ಎಲ್ಲರೆದುರು ಅವನ ಮಾನ ಹೋಗುತ್ತದೆ!

ಅಳುತ್ತಲೇ ಹೇಳಿಬಿಟ್ಟಳು.

"ಅವತ್ತ ಹೇಳಬಾರದಿತ್ತೇನ್ರೀ?" ಅಷ್ಟೇ ಅಂದ. ಸೋಮವಾರ ಏನೂ ಓದಲಿಲ್ಲ.

ಹದಿನೈದು ದಿನ ಮಾತಿಲ್ಲ, ಕತೆಯಿಲ್ಲ. ಸ್ನೇಹಲ ಊಟವನ್ನೇ ಬಿಟ್ಟಳು. ಮಗಳು ಉಪವಾಸ ಹಿಡಿದಿದ್ದಾಳೆಂದು ತಾಯಿ ತಾರಾಬಾಯಿ ಹೆಮ್ಮೆಪಟ್ಟರು!

ಹದಿನಾರನೇ ದಿನ ಅಮರ ಕೈಯಲ್ಲೊಂದು ವರದಿ ಹಿಡಿದು ಎದುರು ನಿಂತ.

"ಮೊದಲಿಂದ ಎಲ್ಲಾ ಮತ್ತ ಮಾಡೇನಿ. ಆಯಸ್ಕಾಂತ ಏನೂ ಮಾಡಿಲ್ಲ, ಉಳಿಸಿದ್ದು ಬಿಸಿಲ. ಖರೇ ಇದ್ದದ್ದ ಬರದೇನಿ. ನನ್ನ ಹೆಸರಿನ ಬಾಜುಕ ನಿಮ್ಮ ಹೆಸರೂ ಐತಿ."

ಅವಳ ಕಣ್ಣು ತುಂಬಿತು.

"ಮತ್ತ ಇಷ್ಟು ದಿನಾ ಯಾಕ ಮಾತಾಡ್ಲಿಲ್ಲ? ನೀವಂದ್ರ ನನಗ ಎಷ್ಟು ಜೀವ, ಗೊತ್ತೈತೇನು?"

"ನೀ ಬಾಜುಕ ಇದ್ರ ನನಗ ಚುಕ್ಕಿ ಎಣಸಾಕ ಬರೂದಿಲ್ಲ, ಸ್ನೇಹಲ." ಅವನು ವರದಿಯನ್ನು ಅವಳ ಕೈಗಿತ್ತ. "ಎರಡೂ ಹೆಸರು ಜೋಡಿ ಚಂದ ಕಾಣ್ತಾವ… ಲಗ್ನಪತ್ರಿಕಾದಾಗೂ ಬರಸೂಣೇನು?"

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಹೂಂ… ಆದ್ರ ಇವತ್ತ ಅವ್ವನ ಮುಂದ ಹೇಳೂಣು ಬರ್ರಿ. ಮುಚ್ಚಿಟ್ಟದ್ದು ಸಾಕಾಗೇತಿ ನನಗ."