ಅಡ್ಡ ಇಟ್ಟ ಕೊಂಬೆ

"ಈ ಬೆಂಚುಗಳನ್ನ ಹಾಕಿದವರು ಕುಡಿದಿದ್ರಾ?"

ವರ್ಷದ ಹಿಂದೆ ಅವನು ಅವಳೊಡನೆ ಆಡಿದ ಮೊದಲ ಮಾತು ಇದು. ಹೆಗಲಿಗೆ ಅಳತೆಯ ಯಂತ್ರ, ಕೈಯಲ್ಲಿ ಪುಸ್ತಕ, ಬೂಟಿಗೆ ಇನ್ನೂ ಅಂಗಡಿಯ ಹೊಳಪು. ಸಂರಕ್ಷಿತ ಕಾಡಿನ ಹೊಸ ನಕ್ಷೆ ಬರೆಯಲು ಸರ್ವೆ ಕಚೇರಿ ಕಳಿಸಿದ ಮನುಷ್ಯ. ಅವಳು ಆ ಕಾಡಿನ ದಾರಿ ನೋಡಿಕೊಳ್ಳುವವಳು. ಮೊಣಕಾಲೂರಿ ಮರಕ್ಕೆ ಹಳದಿ ಗುರುತು ಬಳಿಯುತ್ತಿದ್ದಳು. ಬ್ರಷ್ಷು ನಿಲ್ಲಲಿಲ್ಲ.

"ಯಾಕೆ, ನೀವು ಕೂತಾಗ ಏನಾದ್ರೂ ಚುಚ್ಚಿತಾ?"

"ಒಂದರಿಂದ ಎರಡಕ್ಕೆ ಮುನ್ನೂರು ಹೆಜ್ಜೆ. ಎರಡರಿಂದ ಮೂರಕ್ಕೆ ನೂರಾ ಎಂಬತ್ತು. ಐದರಿಂದ ಆರಕ್ಕೆ ಬರೀ ತೊಂಬತ್ತು! ಒಂದು ಲೆಕ್ಕ ಬೇಡ್ವಾ?"

"ಲೆಕ್ಕ ಇದೆ. ನಮ್ಮಪ್ಪನ ಉಸಿರಿನ ಲೆಕ್ಕ."

ಅಪ್ಪ ಮೂವತ್ತು ವರ್ಷ ಆ ಕಾಡಿನಲ್ಲಿ ಕಲ್ಲು ಒಡೆದು ಕಾಲುದಾರಿ ಹಾಸಿದವನು. ಕಲ್ಲಿನ ಪುಡಿ ಎದೆಯೊಳಗೆ ಕೂತಿತು. ಇಲಾಖೆ ಅವನನ್ನು ಮನೆಯೊಳಗೆ ಕೂರಿಸಿತು. ಅವನ ಜಾಗಕ್ಕೆ ಗುತ್ತಿಗೆಯ ಮೇಲೆ ಬಂದ ಮಗಳು ಒಂದು ದಿನ ಅವನ ಕೈಹಿಡಿದು ಆ ದಾರಿಯಲ್ಲಿ ನಡೆಸಿದಳು. ಎಲ್ಲೆಲ್ಲಿ ಅವನ ಉಸಿರು ಸಿಕ್ಕಿಕೊಂಡಿತೋ ಅಲ್ಲಲ್ಲಿ ಒಂದು ಕೋಲು ನೆಟ್ಟಳು. ಏಳು ಕೋಲು, ಏಳು ಬೆಂಚು. ಗೇಟಿನ ಫಲಕದಲ್ಲಿ ಮಾತ್ರ "ಸುಲಭದ ದಾರಿ, ಎಲ್ಲ ವಯಸ್ಸಿನವರಿಗೆ" ಎಂದಷ್ಟೇ ಇದೆ. ಯಾರ ಎದೆ ಸವೆದು ಅದು ಸುಲಭವಾಯಿತೆಂದು ಯಾವ ಇಲಾಖೆ ಬರೆಸೀತು?

ಅವನು ಆ ದಿನ ಏಳೂ ಬೆಂಚುಗಳ ಮೇಲೆ ಕೂತು ಎದ್ದ. ನಕ್ಷೆಯಲ್ಲಿ ಒಂದನ್ನೂ ಆಚೀಚೆ ಸರಿಸದೆ ಇದ್ದಲ್ಲೇ ಬರೆದ. ಅವಳು ಸೋತದ್ದು ಅಲ್ಲಿ.

ಆಮೇಲೆ ಪ್ರತಿ ಭಾನುವಾರ ಬಂದ. ಅಳೆದು ಮುಗಿದದ್ದನ್ನೇ ಮತ್ತೆ ಅಳೆದ. ಯಂತ್ರದ ಕಣ್ಣು ಮರದ ಕಡೆ, ಅವನ ಕಣ್ಣು ಅವಳ ಕಿವಿಯ ಪಕ್ಕದ ಹಳದಿ ಬಣ್ಣದ ಚುಕ್ಕೆಯ ಕಡೆ. ಅವಳು ತಿರುಗಿದರೆ ಯಂತ್ರದ ತಿರುಪು ಬಿಗಿ ಮಾಡುವ ನಾಟಕ. ಗೇಟಿನಲ್ಲಿ ಟಿಕೆಟ್ ಕೊಡುವ ಅಕ್ಕ ಅವನಿಗೆ "ಅಳತೆ ಭಾವ" ಎಂದು ಹೆಸರಿಟ್ಟು, ಅವನ ಎದುರೇ ಕರೆಯತೊಡಗಿದಳು. ಅವನೂ ಓಗೊಡತೊಡಗಿದ.

*

ಇವತ್ತು ಆ ದಾರಿಯ ಕೊನೆಯ ದಿನ.

ಗೇಟಿನ ಕಂಬಕ್ಕೆ ಹೊಸ ಬೋರ್ಡು ಬಂದಿತ್ತು. "ನಾಳೆಯಿಂದ ಅಭಿವೃದ್ಧಿ ಕಾಮಗಾರಿಗಾಗಿ ಮುಚ್ಚಲಾಗುವುದು. ಸಹಕರಿಸಿ." ಕಾಡಿನೊಳಗೆ ದೊಡ್ಡ ಹೋಟೆಲು ಬರುತ್ತದೆ. ಕಳೆದುಕೊಳ್ಳುವವರು ಸಹಕರಿಸಬೇಕು. ಕೊಳ್ಳೆ ಹೊಡೆಯುವವನಿಗೆ ಈ ಮಾತನ್ನು ಯಾವ ಬೋರ್ಡಿನಲ್ಲೂ ಯಾರೂ ಬರೆದದ್ದಿಲ್ಲ.

ಎರಡು ತಿಂಗಳು ಅವಳೂ ಟಿಕೆಟ್ ಅಕ್ಕನೂ ಅದೇ ಗೇಟಿನಲ್ಲಿ ನಿಂತು ನಾಲ್ಕು ಸಾವಿರ ಸಹಿ ಮಾಡಿಸಿದ್ದರು. ಮೊದಲ ಸಹಿ ಅವನದು. ಕಾಗದದ ಕಟ್ಟು ಇಲಾಖೆಗೆ ಹೋಯಿತು, ಸೀಲು ಬಿತ್ತು, ಅಷ್ಟೇ.

"ಕಾಡು ಹೋಯ್ತು ಅಂತ ಮುಖ ಇಳಿಬಿಡ್ಬೇಡ," ಎಂದಿದ್ದ ಅಪ್ಪ ಬೆಳಿಗ್ಗೆ, ಮಾತಿನ ನಡುವೆ ಉಸಿರಿಗಾಗಿ ನಿಲ್ಲುತ್ತಾ. "ಅಳಿಯ ಏನೋ ಹೇಳೋದಿದೆ ಅಂದಿದ್ದಾನಲ್ಲ. ಒಪ್ಕೊಂಡು ಬಾ. ಹ್ಞೂಂ ಅನ್ನೋಕೆ ಮುಂಚೆ ಒಂದೈದು ನಿಮಿಷ ಸತಾಯ್ಸು, ಅಷ್ಟೇ."

"ಅಳಿಯ ಅಂತೆ! ಇನ್ನೂ ಕೇಳೇ ಇಲ್ಲ ಮಹಾರಾಯ."

ನಕ್ಕಿದ್ದಳು. ಕೆಲಸ ಹೋಯಿತು, ದಾರಿ ಹೋಯಿತು. ಇನ್ನು ಇವನೊಬ್ಬ ಉಳಿದಿದ್ದಾನೆ ಎಂಬ ಒಂದೇ ಧೈರ್ಯಕ್ಕೆ ಜೋತುಬಿದ್ದು ಹೊರಟುಬಂದಿದ್ದಳು.

ಒಂಬತ್ತು ಗಂಟೆಗೆ ಇಬ್ಬರೂ ನಡೆಯತೊಡಗಿದರು. ಎಳೆಬಿಸಿಲು ಎಲೆಗಳ ನಡುವಿಂದ ಸೋರಿ ಅವನ ಅಂಗಿಯ ಮೇಲೆ ಅಲ್ಲಾಡುತ್ತಿತ್ತು. ಅವನು ಯಂತ್ರ ತಂದಿರಲಿಲ್ಲ. ಬರಿಗೈ ಅವಳ ಕೈಗೆ ಎರಡು ಸಲ ತಾಗಿತು. ಎರಡು ಸಲವೂ ಅವನೇ ಹಿಂದೆ ತೆಗೆದುಕೊಂಡ.

"ಏನು ಸಾಹೇಬ್ರು ಇವತ್ತು ಮೌನವ್ರತ?"

"ಹಾಗೇನಿಲ್ಲ."

"ಹೆದರ್ಬೇಡ. ನಮ್ಮಪ್ಪ ಆಗ್ಲೇ ಒಪ್ಪಿದ್ದಾನೆ. ನಾನೇ ಸ್ವಲ್ಪ ಬಿಂಕ ಮಾಡ್ತೀನಿ."

ನಗುತ್ತಾನೆಂದು ಓರೆಗಣ್ಣಿನಲ್ಲಿ ಕಾದಳು. ಅವನು ನೆಲ ನೋಡುತ್ತಾ ನಡೆದ.

ನಾಲ್ಕನೆಯ ಬೆಂಚಿನಲ್ಲಿ ಬುತ್ತಿ ಬಿಚ್ಚಿದರು. ಬ್ರೆಡ್ಡು, ಬೇಯಿಸಿದ ಮೊಟ್ಟೆ. ಅವನು ಎಂದಿನಂತೆ ಮೊಟ್ಟೆಯ ಸಿಪ್ಪೆ ಸುಲಿದು ಮೊದಲು ಅವಳ ಕೈಗಿಟ್ಟ. ಬಿಳಿಯ ಭಾಗವೆಲ್ಲ ಕಿತ್ತು ಗಾಯವಾದಂತಿತ್ತು. ಅವಳು ಅದನ್ನು ನೋಡಿದಳು, ಅವನನ್ನು ನೋಡಿದಳು.

*

ಐದನೆಯ ಬೆಂಚಿನ ಹಿಂದೆ ಒಂದು ಒಣಕೊಂಬೆ ಬಿದ್ದಿತ್ತು. ಬಿದ್ದದ್ದಲ್ಲ, ಅವಳು ಇಟ್ಟದ್ದು.

ದಾರಿ ನೋಡಿಕೊಳ್ಳುವವರಲ್ಲಿ ಒಂದು ಹಳೆಯ ಕ್ರಮ. ಜನ ಹೋಗಬೇಕಾದ ಕಡೆ ಬಣ್ಣ ಹಚ್ಚುತ್ತಾರೆ. ಹೋಗಬಾರದ ಕಡೆ ಬೇಲಿ ಹಾಕುವುದಿಲ್ಲ. ಹಾಕಿದರೆ ಒಳಗೇನಿದೆಯೆಂಬ ಆಸೆ ಹುಟ್ಟುತ್ತದೆ. ಒಂದು ಒಣಕೊಂಬೆ ಎಳೆದು ಅಡ್ಡ ಇಡುತ್ತಾರೆ, ಗಾಳಿಗೆ ಮುರಿದು ಬಿದ್ದಂತೆ. ನಡೆಯುವವರ ಕಾಲು ತನ್ನಷ್ಟಕ್ಕೆ ಬೇರೆ ಕಡೆ ತಿರುಗುತ್ತದೆ.

ಆ ಕೊಂಬೆಯ ಆಚೆ, ಜರಿಗಿಡಗಳ ನಡುವೆ, ಬೇಸಿಗೆಯಲ್ಲೂ ಬತ್ತದ ಒಂದು ಒರತೆ. ಉಗುರಿನಷ್ಟು ಕಪ್ಪೆಗಳು, ಗಾಜಿನಂಥ ನೀರು. ಕಲ್ಲು ಹುಡುಕುತ್ತಾ ಹೋದ ಅಪ್ಪನಿಗೆ ಸಿಕ್ಕಿದ್ದು. "ಇಲಾಖೆಗೂ ಹೇಳ್ಬೇಡ, ನಾಳೆ ಕಟ್ಕೊಳ್ಳೋ ಗಂಡನಿಗೂ ಹೇಳ್ಬೇಡ," ಎಂದು ಅವಳಿಂದ ಮಾತು ತೆಗೆದುಕೊಂಡಿದ್ದ.

ಪರಿಚಯವಾದ ಮೂರನೆಯ ತಿಂಗಳು ಅವಳು ಈ ಮನುಷ್ಯನಿಗಾಗಿ ಆ ಕೊಂಬೆಯನ್ನು ಎತ್ತಿ ಪಕ್ಕಕ್ಕಿಟ್ಟಿದ್ದಳು. ಅವಳ ಮಟ್ಟಿಗೆ ಮದುವೆ ಆವತ್ತೇ ಆಗಿತ್ತು.

ಅವನು ಈಗ ಕೊಂಬೆಯ ಮುಂದೆ ನಿಂತುಬಿಟ್ಟ.

"ಅದನ್ನ ನಕ್ಷೆಯಲ್ಲಿ ಹಾಕಿದ್ದು ನಾನು."

"ಯಾವುದನ್ನ?"

"ಒರತೆ. ನೀಲಿ ಚುಕ್ಕೆ. ನಕ್ಷೆಯಲ್ಲಿ ಇಲ್ಲದ್ದನ್ನ ಯಾವ ಕಾನೂನೂ ಕಾಪಾಡಲ್ಲ ಅಂದ್ಕೊಂಡೆ. ನೀರು ಇದೆ, ಅಪರೂಪದ ಜೀವ ಇದೆ ಅಂತ ಬರೆದ್ರೆ ಸುತ್ತ ಯಾರೂ ಕೈ ಹಾಕಲ್ಲ ಅಂತ... ನಿನಗೆ ಆಮೇಲೆ ಹೇಳಿ ಖುಷಿಪಡಿಸೋಣ ಅಂತಿದ್ದೆ. ಹೋಟೆಲಿನವರು ಮೂರು ಕಾಡು ನೋಡಿದ್ರು. ವರ್ಷಪೂರ್ತಿ ನೀರು ಇರೋದು ಇದೊಂದರಲ್ಲೇ. ಅದಕ್ಕೇ ಇದನ್ನ ಆರಿಸಿದ್ದು. ಪೈಪಿನ ಗೆರೆ ಎಳೆದುಕೊಡಿ ಅಂತ ಫೈಲು ನನ್ನ ಮೇಜಿಗೇ ಬಂತು. ನನ್ನ ಚುಕ್ಕೆ ಸುತ್ತ ಕೆಂಪು ಇಂಕಿನಲ್ಲಿ ಒಂದು ಸೊನ್ನೆ."

ಅವಳು ಬೆಂಚಿನ ಬೆನ್ನು ಹಿಡಿದುಕೊಂಡಳು.

"ಫೈಲು ಬಂದು ಎಷ್ಟು ದಿನ ಆಯ್ತು?"

ಅವನು ಬೂಟಿನ ತುದಿಯಿಂದ ಕೊಂಬೆಯ ತೊಗಟೆ ಕೆದಕಿದ.

"ಕೇಳಿದ್ದು ಕೇಳಿಸ್ಲಿಲ್ವಾ?"

"ಹನ್ನೊಂದು ವಾರ."

ಹನ್ನೊಂದು ಭಾನುವಾರ. ಹೆಚ್ಚಿನವು ಅವಳು ಬಿಸಿಲಲ್ಲಿ ನಿಂತು ಅಪರಿಚಿತರ ಮುಂದೆ ಪೆನ್ನು ಚಾಚಿದ ಭಾನುವಾರಗಳು. ಇವನು ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದ.

"ಆಕ್ಷೇಪಣೆಗೆ ಮೂವತ್ತು ದಿನ ಕೊಟ್ಟಿದ್ರು," ಎಂದಳು. ದನಿ ಅವಳದೇ ಅಲ್ಲವೆಂಬಂತೆ ಸಣ್ಣಗಿತ್ತು. "ಮರ ಉಳಿಸಿ, ಹಕ್ಕಿ ಉಳಿಸಿ ಅಂತ ಬರೆದ್ವಿ ನಾವು. ಅವರಿಗೆ ಬೇಕಾಗಿದ್ದು ನೀರು ಅಂತ ಗೊತ್ತಿದ್ದಿದ್ರೆ ನೀರಿನ ಮೇಲೇ ಹಿಡೀತಿದ್ವಿ. ಕೋರ್ಟಿಗೆ ಹೋಗ್ತಿದ್ವಿ. ಗೊತ್ತಿದ್ದವನು ನೀನೊಬ್ಬ."

"ಹೇಳಿದ್ರೆ ನಿನ್ನ ಕಳ್ಕೊಳ್ತೀನಿ ಅಂತ ಹೆದರಿದೆ."

"ಕಾಡು ಹೋದ್ರೆ ಹೋಗ್ಲಿ, ಹುಡುಗಿ ಕೈತಪ್ಪದಿರ್ಲಿ ಅಂತ."

"ಹಾಗಲ್ಲ..."

"ಮತ್ತೆ ಹೇಗೆ?"

ಒಂದು ಎಲೆ ಸುತ್ತುತ್ತಾ ಇಳಿದು ಇಬ್ಬರ ನಡುವೆ ಬಿತ್ತು. ಅವನು ಅದನ್ನೇ ನೋಡುತ್ತಾ ಹೇಳಿದ:

"ಒಂದು ಮನೆ ನೋಡಿದ್ದೀನಿ. ನೆಲಮಹಡಿ. ಒಂದು ಮೆಟ್ಟಿಲೂ ಇಲ್ಲ. ಬೀದಿಯಿಂದ ಬಾಗಿಲಿಗೆ ನಲವತ್ತೇ ಹೆಜ್ಜೆ, ಅಪ್ಪ ಎಲ್ಲೂ ನಿಲ್ಲದೆ ಬರಬಹುದು. ಅಳೆದಿದ್ದೀನಿ. ಮದುವೆ ಆಗೋಣ. ನನ್ನ ಮೇಲೆ ಜೀವಮಾನ ಪೂರ್ತಿ ಸಿಟ್ಟು ಮಾಡ್ಕೋ, ಆದ್ರೆ ಅದೇ ಮನೇಲಿ ಮಾಡ್ಕೋ."

ಅವಳು ಅತ್ತದ್ದು ಆಗ. ಒರತೆಗಲ್ಲ, ಸಹಿಗಳಿಗಲ್ಲ, ನಲವತ್ತು ಹೆಜ್ಜೆಗೆ. ಇಷ್ಟು ಜತನದಿಂದ ಪ್ರೀತಿಸಬಲ್ಲವನು ಇಷ್ಟು ದೊಡ್ಡ ಅನ್ಯಾಯದ ಎದುರು ಬಾಯಿ ಹೊಲಿದುಕೊಂಡು ಕೂತನಲ್ಲ! ಕೆಟ್ಟವನಾಗಿದ್ದರೆ ಉಗಿದು ಹಗುರಾಗಬಹುದಿತ್ತು. ನಾಡಿನ ಅರ್ಧ ಹಾಳು ಹೀಗೇ ಆಗುವುದು: ಒಳ್ಳೆಯವರು ಮನೆಯ ಬಾಗಿಲಿನ ಹೆಜ್ಜೆ ಎಣಿಸುತ್ತಿರುತ್ತಾರೆ, ಮೇಜಿನ ಮೇಲೆ ಫೈಲು ದಾಟಿಹೋಗುತ್ತಿರುತ್ತದೆ.

ಅವನು ಕೈ ಚಾಚಿ ಅವಳ ಕೆನ್ನೆ ಮುಟ್ಟಿದ. ಅವಳು ಒಂದು ಗಳಿಗೆ ಆ ಅಂಗೈಗೆ ಮುಖವಿಟ್ಟಳು. ಮೊಟ್ಟೆಯ ವಾಸನೆ, ಪೆನ್ಸಿಲಿನ ವಾಸನೆ. ಹಾಗೇ ಇದ್ದುಬಿಡಬಹುದಿತ್ತು. ಅಪ್ಪನಿಗೆ ಸುಳ್ಳು ಹೇಳಬಹುದಿತ್ತು. ಆ ಮನೆಯ ಕಿಟಕಿಗೆ ಪರದೆ ಹೊಲಿಯಬಹುದಿತ್ತು. ಆಮೇಲೆ ದಿನಾ ನಲ್ಲಿ ತಿರುಗಿಸಿದಾಗ?

ಮುಖ ಎತ್ತಿದಳು. ಬಗ್ಗಿ ಕೊಂಬೆಯನ್ನು ಪಕ್ಕಕ್ಕೆ ಎಳೆದು ಆಚೆ ಹೋದಳು. ಅವನು ಅವಳ ಹಿಂದೆ ಹೆಜ್ಜೆ ಇಡುವಷ್ಟರಲ್ಲಿ ತಿರುಗಿ, ಅದೇ ಕೊಂಬೆಯನ್ನು ಎಳೆದು ಇಬ್ಬರ ನಡುವೆ ಅಡ್ಡ ಇಟ್ಟಳು. ನಿಧಾನವಾಗಿ, ಗಾಳಿಗೆ ಮುರಿದು ಬಿದ್ದಂತೆ ಕಾಣುವ ಹಾಗೆ, ಒಂದು ರೆಂಬೆಯನ್ನು ತುಸು ತಿರುಗಿಸಿ.

"ನೀವು ಹೊರಡಿ."

ವರ್ಷದ ಹಿಂದಿನ ಆ "ನೀವು" ಕೇಳಿ ಅವನ ಮುಖ ಕಪ್ಪಿಟ್ಟಿತು.

"ಮತ್ತೆ ಬರ್ಲಾ? ಯಾವಾಗಲಾದ್ರೂ?"

"ಬರೋಕೆ ದಾರಿ ಎಲ್ಲಿರುತ್ತೆ ಇಲ್ಲಿ?"

ಮೊಣಕಾಲೆತ್ತರದ ಕೊಂಬೆ. ಸಣ್ಣ ಮಗು ಕೂಡ ಹತ್ತಿ ದಾಟಬಲ್ಲದು. ಅವನು ನೋಡಿದ. ಅವಳು ಜರಿಗಿಡಗಳ ಮರೆಗೆ ಹೋಗಿ ಒರತೆಯ ಪಕ್ಕ ಕೂತು, ಕಿವಿ ಮಾತ್ರ ದಾರಿಯ ಕಡೆ ಇಟ್ಟಳು. ದಾಟಿ ಬಂದರೆ ಏನು ಮಾಡುತ್ತಿದ್ದಳೋ ಅವಳಿಗೇ ಗೊತ್ತಿಲ್ಲ.

ಬಹಳ ಹೊತ್ತಿನ ಮೇಲೆ ಬೂಟಿನ ಸದ್ದು ಹೊರಟಿತು. ಬಳಸಿ ಗೇಟಿಗೆ ಮರಳುವ ದಾರಿಯಲ್ಲಿ, ಆರನೆಯ ಬೆಂಚಿನ ಕಡೆಗೆ. ಬೇಡವೆಂದರೂ ಮನಸ್ಸು ಎಣಿಸಿತು. ಎಂಬತ್ತೆಂಟು, ಎಂಬತ್ತೊಂಬತ್ತು, ತೊಂಬತ್ತು. ಸದ್ದು ನಿಂತಿತು. ಅಪ್ಪನ ಉಸಿರು ಸಿಕ್ಕಿಕೊಂಡ ಜಾಗದಲ್ಲೇ ಅವನದೂ ಸಿಕ್ಕಿಕೊಂಡಿರಬೇಕು. ಸುಲಭದ ದಾರಿಯಲ್ಲಿ ಅವನು ಕೂತ. ಅವಳು ಕಾದಳು. ಉಗುರಿನಷ್ಟು ಕಪ್ಪೆಯೊಂದು ಅವಳ ಕಾಲ್ಬೆರಳು ಹತ್ತಿ ಇಳಿಯಿತು.

ಮತ್ತೆ ಸದ್ದು. ದೂರ. ಇನ್ನೂ ದೂರ. ಆಮೇಲೆ ಇಲ್ಲ.

ನಾಳೆ ಬರುವ ಯಂತ್ರಗಳಿಗೆ ಕೊಂಬೆಯ ಮಾತು ಅರ್ಥವಾಗುವುದಿಲ್ಲ. ತುಳಿದುಕೊಂಡು ಒಳಗೆ ಬರುತ್ತವೆ. ಅರ್ಥವಾಗುತ್ತಿದ್ದವನು ಒಬ್ಬನೇ ಇದ್ದ. ಅವನು ದಾಟದೆ ಹೋದ.