ಪರದೆಯ ಅಂಚಿಗೆ ಬಂದ ಕೈ

ಶನಿವಾರ ಬೆಳಗ್ಗೆ ಲುಂಬಿನಿ ಬಂದಾಗ ನಾಗರತ್ನಾಬಾಯಿ ಅಂಗಳದಲ್ಲಿ ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದರು. ಗುರುಲಿಂಗಯ್ಯ ಮಾಸ್ತರರು ಪಕ್ಕದ ಕುರ್ಚಿಯಲ್ಲಿ ಕುಳಿತು, ಯಾರೂ ಕೇಳದಿದ್ದರೂ ಪೇಪರು ಓದಿ ಹೇಳುತ್ತಿದ್ದರು.

ವಾಡಿ ಜಂಕ್ಷನ್ನಿನ ಪಾರ್ಸಲ್ ಆಫೀಸಿನಲ್ಲಿ ಮೂವತ್ತು ವರ್ಷ ದುಡಿದ ನಾಗರತ್ನಾಬಾಯಿಗೆ ಕಳೆದ ಸಾಮಾನು ಹುಡುಕುವುದು ಕೈಗೆ ಹತ್ತಿದ ವಿದ್ಯೆ. ನಿವೃತ್ತರಾದ ಮೇಲೂ ಊರಿನವರು ಅವರನ್ನು ಸುಮ್ಮನೆ ಕೂರಗೊಡಲಿಲ್ಲ. ಕಳುವು, ಸುಳ್ಳು ಸಹಿ, ಕಾಣೆಯಾದ ಎಮ್ಮೆ, ಏನಿದ್ದರೂ ಅವರ ಅಂಗಳಕ್ಕೇ ಬರುತ್ತಿತ್ತು. ಮಾಸ್ತರರು ಚಿತ್ತಾಪುರದವರು. ವಾರಕ್ಕೆರಡು ಸಲ ಬಸ್ಸು ಹತ್ತಿ ಬಂದು ಆ ಪತ್ತೇದಾರಿಕೆಯನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಅರ್ಧ ಪತ್ತೆ ತಾವೇ ಮಾಡುವುದೆಂದು ಅವರು ನಂಬಿದ್ದರು, ಆ ನಂಬಿಕೆಯನ್ನು ನಾಗರತ್ನಾಬಾಯಿ ಕೆಡಿಸಲು ಹೋಗಿರಲಿಲ್ಲ.

"ಮೌಶಿ, ಸೋಮವಾರ ಸಂಜಿಗಿ ನನ್ನ ನೌಕರಿ ಹೋಗ್ತದ. ನೌಕರಿ ಹೋದ್ರ ಹೋಗ್ಲಿ, ಕಳ್ಳಿ ಅಂತ ಹೆಸರು ಬಂದ್ರ ಈ ಲೈನಿನಾಗ ಮತ್ಯಾರೂ ಒಳಗ ಬಿಟ್ಗೊಳ್ಳಲ್ಲ" ಎಂದಳು ಲುಂಬಿನಿ.

ಲುಂಬಿನಿಯ ಕೆಲಸ ಏನೆಂಬುದು ಓಣಿಯವರಿಗೆ ಇನ್ನೂ ಸರಿಯಾಗಿ ತಿಳಿದಿರಲಿಲ್ಲ. ವಿಮಾನದಲ್ಲಿ ಕೂತವರ ಮುಂದೆ, ಸೀಟಿನ ಬೆನ್ನಿಗೆ ಒಂದು ಪರದೆ ಇರುತ್ತದಲ್ಲ, ಅದರಲ್ಲಿ ಸಿನಿಮಾ, ಹಾಡು, ವಿಮಾನ ಎಲ್ಲಿದೆಯೆಂಬ ನಕಾಶೆ ಬರುತ್ತವಲ್ಲ, ಅದು ಅವಳ ಕಂಪನಿಯ ಕೆಲಸ. ಎಂಟು ವರ್ಷದ ಹಿಂದೆ ಹೈದರಾಬಾದಿನಲ್ಲಿ ಸೀಟಿನ ಕೆಳಗೆ ತೂರಿ ವೈರು ಜೋಡಿಸುವುದರಿಂದ ಶುರು ಮಾಡಿದ್ದಳು. ಆಮೇಲೆ ಹಾರುವ ವಿಮಾನಕ್ಕೆ ಇಂಟರ್ನೆಟ್ ಹಿಡಿದು ಕೊಡುವ ಆಂಟೆನಾಗಳ ವಿಭಾಗ ಸೇರಿದಳು. ಈಗ ಭಾಷೆಗಳ ವಿಭಾಗದಲ್ಲಿದ್ದಳು. ತಾಯಿ ದ್ರೌಪದಿಯ ಕಣ್ಣು ಮಂಜಾದ ಮೇಲೆ ವಾಡಿಯ ಮನೆಯಲ್ಲೇ ಒಂದು ಕೋಣೆ ಮಾಡಿಕೊಂಡು, ಸಿನಿಮಾಗಳ ಕನ್ನಡ ಧ್ವನಿ, ಅಡಿಬರಹ ಸರಿ ಇವೆಯೇ ಎಂದು ನೋಡಿ ಕಳಿಸುತ್ತಿದ್ದಳು.

ಹಗರಣವಾದದ್ದು ಆ ಕೋಣೆಯಲ್ಲೇ. ಇನ್ನೂ ಮನೆಮನೆಗೆ ಬಾರದ ಒಂದು ಸಿನಿಮಾ ವಿಮಾನಗಳಿಗಾಗಿ ಮಂಗಳವಾರ ಸಂಜೆ ಅವಳ ಕಂಪ್ಯೂಟರಿಗೆ ಬಂದಿತ್ತು. ಎರಡು ದಿನದ ಗಡುವು ಮುಗಿದು ಗುರುವಾರ ಸಂಜೆಗೆ ಅದು ತಾನಾಗಿ ಬೀಗ ಹಾಕಿಕೊಂಡಿತು, ಮತ್ತೆ ತೆರೆಯಲು ಬರುತ್ತಿರಲಿಲ್ಲ. ಶುಕ್ರವಾರ ಅದರ ಹನ್ನೆರಡು ನಿಮಿಷದ ತುಣುಕು ಊರೂರಿನ ಫೋನುಗಳಲ್ಲಿ ಓಡಾಡುತ್ತಿತ್ತು. ಇಂಥ ಸಿನಿಮಾದ ಪ್ರತಿಯೊಂದು ನಕಲಿಗೂ ಕಣ್ಣಿಗೆ ಕಾಣದ ಗುರುತು ಹಾಕಿರುತ್ತಾರೆ. ತುಣುಕಿನಲ್ಲಿದ್ದ ಗುರುತು ಲುಂಬಿನಿಗೆ ಬಂದ ನಕಲಿನದು.

"ಕಾಪಿ ಮಾಡ್ಲಿಕ್ಕಿ ಬರಲ್ಲ ಮೌಶಿ. ಪರದೆ ಮುಂದ ಫೋನು ನಿಲ್ಲಿಸಿ ಶೂಟಿಂಗ್ ಮಾಡ್ಯಾರ. ಆವಾಜ್ ಮಾತ್ರ ವೈರಿನಿಂದ ತಗೊಂಡಾರ, ಅದಕ್ಕ ಭಾಳ ಸ್ವಚ್ಛ ಅದ."

"ಆ ಎರಡು ದಿನ ಕೋಣೆಗೆ ಯಾರ್ಯಾರು ಹೋಗಿದ್ರು?" ಎಂದು ನಾಗರತ್ನಾಬಾಯಿ ಕೇಳಿದರು.

ಲುಂಬಿನಿ ತಲೆ ತಗ್ಗಿಸಿದಳು. "ಗುರುವಾರ ಅವ್ವನ ಕಣ್ಣಿನ ಆಪರೇಶನ್ ಇತ್ತು. ಹನ್ನೊಂದಕ್ಕ ಶಹಾಬಾದಿಗಿ ಹೋದ್ವಿ, ಮೂರಕ್ಕ ಬಂದ್ವಿ. ಇಂಟರ್ನೆಟ್ಟಿನ ಹೊಸ ಲೈನು ಜೋಡಸ್ಲಿಕ್ಕಿ ಕೊಡ್ಲಿ ಊರಿನ ಸಂಗಮೇಶ್ವರ ಬರಾಂವ ಇದ್ದ. ಲೈನು ಬಂತೋ ಇಲ್ಲೋ ಅವಗ ನೋಡ್ಲಿಕ್ಕಿ ಬೇಕಂತ ಕಂಪ್ಯೂಟರ್ ಚಾಲೂನೇ ಬಿಟ್ಟೆ. ಕೀಲಿ ಗೆಳತಿ ಮುಬೀನಳ ಕಡೆ ಕೊಟ್ಟಿದ್ದೆ. ಅದೇ ದಿನ ಕೋಣೆ ತಪಾಸಣೆಗಂತ ನಮ್ಮ ಸಾಹೇಬ್ರೂ ಬಂದಿದ್ರು. ಚಾಲೂ ಬಿಟ್ಟಿದ್ದು ನಂದೇ ತಪ್ಪು."

"ಸಂಗಮೇಶ್ವರನೇ" ಎಂದು ಮಾಸ್ತರರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದರು.

ಲುಂಬಿನಿಯ ಮನೆ ಗಣಿಯ ಮಗ್ಗುಲ ಓಣಿಯಲ್ಲಿತ್ತು. ಸೂರಿಗೆ ಫರಸಿ ಕಲ್ಲು ಹಾಸಿ ಮಣ್ಣು ಮುಚ್ಚಿದ ಮಾಳಿಗೆಯ ಮನೆ. ಅವರು ಮೂವರೂ ಅಲ್ಲಿಗೆ ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಕಪ್ಪು ಕನ್ನಡಕದ ದ್ರೌಪದಿ ಮಂಚದ ಮೇಲೆ ಕೂತಿದ್ದಳು. ವಿಚಾರಣೆಗೆ ಹೈದರಾಬಾದಿನಿಂದ ಬಂದಿದ್ದ ಲುಂಬಿನಿಯ ಸಾಹೇಬ ಲಕ್ಷ್ಮಿಕಾಂತ ಕಾಗದ ಹರಡಿಕೊಂಡಿದ್ದ. ನಲವತ್ತರ ಆಸುಪಾಸು, ಇಸ್ತ್ರಿ ಮುರಿಯದ ಅಂಗಿ, ಪುಸ್ತಕದಂಥ ಮಾತು.

"ನನಗೂ ಬೇಸರವಿದೆ. ಆದರೆ ಗುರುತು ಸುಳ್ಳು ಹೇಳುವುದಿಲ್ಲ. ಯಾವ ಹೊತ್ತಿನಲ್ಲಿ ಚಿತ್ರೀಕರಿಸಿದರು ಎಂದು ಅದರಿಂದ ತಿಳಿಯದು. ನಕಲು ಎರಡು ದಿನ ಇವರ ಕೈಯಲ್ಲಿತ್ತು, ಅಷ್ಟು ಸಾಕು" ಎಂದ.

"ಗುರುವಾರ ನೀವೂ ಬಂದಿದ್ರಂತ?" ಎಂದರು ನಾಗರತ್ನಾಬಾಯಿ.

"ಹನ್ನೆರಡಕ್ಕೆ ಬಂದೆ. ಹನ್ನೆರಡೂವರೆಗೆ ಸ್ಟೇಷನ್ನಿಗೆ ಊಟಕ್ಕೆ ಹೊರಟೆ. ವಾಡಿಗೆ ಅದೇ ಮೊದಲ ಸಲ. ಅದಕ್ಕೂ ಮುಂಚೆ ರೈಲಿನ ಕಿಟಕಿಯಿಂದ ನೋಡಿದ್ದಷ್ಟೆ."

ಸಂಗಮೇಶ್ವರನನ್ನೂ ಕರೆಸಿದ್ದರು. "ನಾ ಮಾಳಗಿ ಮ್ಯಾಲೆ ಡಬ್ಬಿ ಬಿಗೀಲಿಕತ್ತಿದ್ದೆ ರೀ. ಒಳಗ ಬಂದಿದ್ದು ಎರಡರ ಮ್ಯಾಲೆ" ಎಂದು ಅವನೆಂದ. ಮುಬೀನ ಪಕ್ಕದ ಮನೆಯವಳು, ಲುಂಬಿನಿಯ ಬಾಲ್ಯದ ಗೆಳತಿ. ಕೀಲಿ ತೆಗೆದುಕೊಟ್ಟು ರೊಟ್ಟಿ ಬಡಿಯಲು ಹೋದವಳು ಎರಡಕ್ಕೇ ಬಂದೆನೆಂದಳು. ಹಾಗೆ ಹೇಳುತ್ತಲೇ ಎಲ್ಲರ ಮುಂದೆ ಕಪ್ಪು, ಅದರ ಕೆಳಗೆ ಬಸಿ ಇಟ್ಟು ಚಹಾ ಸುರಿದಳು. ಅವಳ ಕೈಯ ಡಜನ್ ಗಾಜಿನ ಬಳೆಗಳು ಗಲಗಲ ಎನ್ನುತ್ತಿದ್ದವು.

ಆಗ ದೂರದಲ್ಲಿ ಗಣಿಯ ಸೈರನ್, ಊರವರ ಬಾಯಲ್ಲಿ ಭೋಂಗಾ, ಕೂಗಿತು. ಮಾಸ್ತರರು ಗಡಿಯಾರ ನೋಡಿಕೊಂಡರು, ಒಂದೂವರೆ. ತುಸು ಹೊತ್ತಿಗೆ ಗಣಿಯ ಬ್ಲಾಸ್ಟಿಂಗಿಗೆ ಧಡಂ ಎಂದು ನೆಲ ನಡುಗಿ, ಮಾಳಿಗೆಯ ಕಲ್ಲುಸಂದಿಯಿಂದ ಮಣ್ಣು ಉದುರಿತು. ಮಾಸ್ತರರ ಕಪ್ಪಿನಲ್ಲೂ ಸಂಗಮೇಶ್ವರನ ಕಪ್ಪಿನಲ್ಲೂ ಮಣ್ಣೇ ಮಣ್ಣು. ಉಳಿದವರು ಕಪ್ಪಿನ ಮೇಲಿನ ಬಸಿ ಸರಿಸಿ ಆರಾಮಾಗಿ ಚಹಾ ಕುಡಿದರು. ಬಂದ ಅತಿಥಿಗೆ ಮಣ್ಣು ಕುಡಿಸುವ ಊರು ಎಂದು ಮಾಸ್ತರರು ಮನಸ್ಸಿನಲ್ಲೇ ಗೊಣಗಿದರು.

ನಾಗರತ್ನಾಬಾಯಿ ಲುಂಬಿನಿಯ ಫೋನಿನಲ್ಲಿ ಆ ತುಣುಕನ್ನು ಮೂರು ಸಲ ನೋಡಿದರು. ಏಳನೆಯ ನಿಮಿಷದಲ್ಲಿ ಪರದೆಯ ಮೇಲಂಚಿಗೆ ಒಂದು ಕೈ ಬಂದು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು. ಬೆಳಕಿಗೆ ಅಡ್ಡವಾಗಿ ಕಪ್ಪಗೆ ಕಾಣುವ ಬೆರಳು, ಬೋಳು ಮಣಿಕಟ್ಟು. ಸ್ವಲ್ಪ ಹೊತ್ತಿಗೆ ಚಿತ್ರ ಒಮ್ಮೆ ಅದುರುತ್ತಿತ್ತು. ಆಮೇಲೆ ಕೈ ಹಿಂದೆ ಸರಿಯುತ್ತಿತ್ತು.

"ಪರದೆ ವಾಲಿರಬೇಕು, ಸರಿಪಡಿಸಿದ್ದಾರೆ" ಎಂದ ಲಕ್ಷ್ಮಿಕಾಂತ. "ಸೋಮವಾರ ಕಂಪ್ಯೂಟರ್ ಒಯ್ಯಲು ಬರುತ್ತೇನೆ. ಅಂದು ಸಂಜೆ ನನ್ನ ವರದಿ ಹೋಗುತ್ತದೆ."

ಭಾನುವಾರ ನಾಗರತ್ನಾಬಾಯಿ ಗಣಿಯ ಗೇಟಿಗೆ ಹೋಗಿ ವಾಚ್‌ಮನ್‌ನೊಡನೆ ಹತ್ತು ನಿಮಿಷ ಹರಟಿದರು. ಅಲ್ಲಿಂದ ಶಹಾಬಾದಿನ ಕಣ್ಣಿನ ಆಸ್ಪತ್ರೆಗೆ ಹೋದರು. ಸಂಗಮೇಶ್ವರನನ್ನು ಹಿಂಬಾಲಿಸಿ ಸುಲೇಪೇಟದ ತನಕ ಹೋಗಿಬಂದ ಮಾಸ್ತರರಿಗೆ, ಅವನು ಸಂತೆಯಲ್ಲಿ ಬದನೆಕಾಯಿ ಕೊಂಡನೆಂಬ ಸುದ್ದಿಯಷ್ಟೇ ಸಿಕ್ಕಿತು.

ಸೋಮವಾರ ಒಂದು ಗಂಟೆಗೆ ಎಲ್ಲರೂ ಮತ್ತೆ ಆ ಮನೆಯಲ್ಲಿ ಸೇರಿದರು. ಯಾರು ಎಲ್ಲಿ ಕೂರಬೇಕೆಂದು ನಾಗರತ್ನಾಬಾಯಿಯೇ ಹೇಳಿ ಕೂರಿಸಿದರು. ಲಕ್ಷ್ಮಿಕಾಂತನಿಗೆ ದ್ರೌಪದಿಯ ಮಂಚದ ಪಕ್ಕದ ಕುರ್ಚಿ. ನಡುವೆ ಒಂದು ಸ್ಟೂಲು, ಅದರ ತುದಿಯಲ್ಲಿ ಅವಳ ಔಷಧಿಯ ಗಾಜಿನ ಲೋಟ. ಲುಂಬಿನಿ ಗೋಡೆಗೆ ಒರಗಿ ನಿಂತಿದ್ದಳು. ಎರಡು ದಿನದಲ್ಲಿ ಅವಳ ಮುಖ ಇಳಿದುಹೋಗಿತ್ತು.

"ಈ ಕೈ ನೋಡ್ರಿ" ಎಂದು ನಾಗರತ್ನಾಬಾಯಿ ತುಣುಕನ್ನು ನಿಧಾನಕ್ಕೆ ಓಡಿಸಿದರು. "ಸಾಹೇಬ್ರು ಪರದೆ ವಾಲಿತ್ತು ಅಂದ್ರು. ವಾಲಿದ್ರ ಚಿತ್ರ ಮೊದಲು ಅಳ್ಳಾಡಬೇಕು, ಆಮ್ಯಾಲ ಕೈ ಬರಬೇಕು. ಇಲ್ಲಿ ಕೈ ಮೊದಲು ಬಂತು, ಅದುರಿದ್ದು ಆಮ್ಯಾಲ. ಅದುರ್ತದ ಅಂತ ಆ ಕೈಗಿ ಮೊದಲೇ ಹ್ಯಾಂಗ ಗೊತ್ತಾಯ್ತು?"

ಲಕ್ಷ್ಮಿಕಾಂತ ಫೋನಿನತ್ತ ಬಾಗಿ ನೋಡುತ್ತಿದ್ದ. ಅಷ್ಟರಲ್ಲಿ ಸೈರನ್ ಕೂಗಿತು.

ಮುಬೀನ ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿದಳು. ಲುಂಬಿನಿ ಗೂಡಿನಲ್ಲಿದ್ದ ಕನ್ನಡಿ ಹಿಡಿದಳು. ಸಂಗಮೇಶ್ವರ ಕಿಟಕಿಯತ್ತ ಕತ್ತು ತಿರುಗಿಸಿದ. ಲಕ್ಷ್ಮಿಕಾಂತನ ಕಣ್ಣು ಫೋನಿನಲ್ಲೇ ಇತ್ತು. ಆದರೆ ಅವನ ಬಲಗೈ ತಾನಾಗಿ ಚಾಚಿ, ಮುದುಕಿಯ ಔಷಧಿಯ ಲೋಟವನ್ನು ತುದಿಯಿಂದ ಒಳಗೆ ಸರಿಸಿ, ಅದರ ಬಾಯಿಗೆ ಅಂಗೈ ಮುಚ್ಚಿ ಹಿಡಿದುಕೊಂಡಿತು. ನೆಲ ನಡುಗಿತು. ಅವನ ಕೈಬೆನ್ನಿನ ಮೇಲೆ ಮಣ್ಣು ಬಿತ್ತು.

ಕೋಣೆಯಲ್ಲಿ ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು. ಅವನೂ ನೋಡಿಕೊಂಡ.

"ಹಿಂಗ ಗೊತ್ತಾಯ್ತು" ಎಂದರು ನಾಗರತ್ನಾಬಾಯಿ. "ವೈರಿನಿಂದ ಆವಾಜ್ ತಗೊಂಡಿದ್ದಕ್ಕ ತುಣುಕಿನಾಗ ಭೋಂಗಾ ಕೇಳಸಲ್ಲ. ಭೋಂಗಾ ಇಲ್ಲಂದ್ರೂ ಅದನ್ನ ಕೇಳಿದ ಕೈ ಅದ. ಭೋಂಗಾ ಆಗೋದು ದಿನಾ ಒಂದೇ ಸಲ, ಒಂದೂವರಿಗಿ. ಅಂದ್ರ ಶೂಟಿಂಗ್ ಆಗಿದ್ದೂ ಆಗಲೇ. ಮಂಗಳವಾರ ಸಿನಿಮಾ ಬಂದಿದ್ದೇ ಸಂಜಿಗಿ. ಬುಧವಾರ ಸಿಡಿಲು ಇತ್ತಂತ ಗಣಿಯಾಗ ಬ್ಲಾಸ್ಟಿಂಗ್ ಮಾಡಿಲ್ಲ, ಗೇಟಿನ ಬೋರ್ಡಿನ್ಯಾಗ ಬರದಾರ. ಉಳಿದಿದ್ದು ಗುರುವಾರ ಒಂದೇ. ಆ ಹೊತ್ತಿಗಿ ಲುಂಬಿನಿ ಆಸ್ಪತ್ರ್ಯಾಗ ಆಪರೇಶನ್ ಕಾಗದಕ್ಕ ಸಹಿ ಮಾಡಿ ಬಾಗಿಲ ಮುಂದ ಕುಂತಿದ್ಳು. ನರ್ಸಮ್ಮ ಹೇಳಿದ್ಳು."

ಲುಂಬಿನಿ ಗೂಡಿನ ಕನ್ನಡಿ ಬಿಟ್ಟು ತಾಯಿಯ ಮಂಚದ ಬಳಿ ಬಂದಳು.

"ಹಾಗಾದರೆ ಸಂಗಮೇಶ್ವರ" ಎಂದರು ಮಾಸ್ತರರು, ಎಳೆದ ಗೆರೆಗಳ ಮೇಲಿನ ಅಭಿಮಾನದಿಂದ.

"ಕೊಡ್ಲಿಯಾಗ ಭೋಂಗಾ ಇಲ್ಲ ಮಾಸ್ತರ್ರೆ. ಈಗ ನೋಡಿದ್ರಲ್ಲ, ಕಿಟಕಿ ಕಡೆ ನೋಡ್ದ. ಶನಿವಾರ ನಿಮ್ಮ ಜೋಡಿ ಅವನೂ ಮಣ್ಣಿನ ಚಾ ಕುಡ್ದ. ಮುಬೀನಗ ಭೋಂಗಾ ಗೊತ್ತು, ಖರೇ. ಆದ್ರ ತುಣುಕಿನ್ಯಾಗಿನ ಕೈಗಿ ಒಂದೂ ಬಳಿ ಇಲ್ಲ. ಉಳದವರು ಯಾರು? ಶನಿವಾರ ಭೋಂಗಾ ಆದ ಕೂಡ್ಲೇ ಸಾಹೇಬ್ರು ಮಾತಾಡಕೋತನೇ ಕಪ್ಪಿನ ಮ್ಯಾಲೆ ಬಸಿ ಮುಚ್ಚಿದ್ರು. ವಾಡಿಗಿ ಮೊದಲ್ನೇ ಸಲ ಬಂದವ್ರು."

"ಅದು ಕಾಕತಾಳೀಯ. ಲೋಟ ಬೀಳುವಂತಿತ್ತು, ಹಿಡಿದೆ" ಎಂದ ಲಕ್ಷ್ಮಿಕಾಂತ. ಕೈ ಇನ್ನೂ ಲೋಟದ ಮೇಲೇ ಇತ್ತು.

ದ್ರೌಪದಿ ಕಪ್ಪು ಕನ್ನಡಕ ತುಸು ಎತ್ತಿ, ಹೊಸದಾಗಿ ತೆರೆದ ಕಣ್ಣಿನಿಂದ ಅವನ ಮುಖವನ್ನು ಹತ್ತಿರದಿಂದ ನೋಡಿದಳು.

"ಹಿಂಗ ಅಂಗೈ ಮುಚ್ಚಿ ಹಿಡಿಯಾಂವ ನಮ್ಮ ಗಣಿ ಕ್ವಾಟ್ರಸಿನ್ಯಾಗ ಒಬ್ಬನೇ ಇದ್ದ, ಬ್ಲಾಸ್ಟಿಂಗ್ ರಾಮಲಿಂಗ. ಭೋಂಗಾ ಆದ್ರ ಮಂದಿ ಮನಿ ಲೋಟಾನೂ ಹಿಡೀತಿದ್ದ. ನೀ ಯಾರ ಮಗಪ್ಪ?"

ಲಕ್ಷ್ಮಿಕಾಂತ ಲೋಟದಿಂದ ಕೈ ತೆಗೆದ. ಮಾತಾಡಿದಾಗ ಪುಸ್ತಕದ ಕನ್ನಡ ಹೋಗಿತ್ತು.

"ಅವರ ಮಗನೇ ರೀ ಅವ್ವಾ. ಮೂರ್ನೇ ಲೈನಿನ್ಯಾಗ ಇದ್ವಿ. ಹನ್ನೆರಡು ವರ್ಷದಾಂವ ಇದ್ದಾಗ ಊರು ಬಿಟ್ವಿ."

ಉಳಿದದ್ದನ್ನು ಅವನೇ ಹೇಳಿದ. ಕಂಪನಿಯಲ್ಲಿ ಭಾಷಾ ವಿಭಾಗಕ್ಕೆ ಹೊಸ ಮುಖ್ಯಸ್ಥರನ್ನು ನೇಮಿಸುವುದಿತ್ತು. ಹದಿನಾಲ್ಕು ವರ್ಷ ದುಡಿದ ತನಗೇ ಅದು ಎಂದುಕೊಂಡಿದ್ದ, ಹೆಸರು ಬಂದದ್ದು ಲುಂಬಿನಿಯದು. ಆ ಸುದ್ದಿ ಅವಳಿಗೆ ತಲುಪುವ ಮೊದಲೇ ಅವಳ ಹೆಸರು ಕೆಡಿಸಬೇಕಿತ್ತು. ಗಣಿಯ ಕ್ವಾರ್ಟರ್ಸಿನ ಹುಡುಗ ಎಂದು ಕಂಪನಿಯಲ್ಲಿ ಯಾರಿಗೂ ಹೇಳಿರಲಿಲ್ಲ, ಈ ಓಣಿಗಳು ತನಗೆ ಗೊತ್ತೆಂದು ಯಾರೂ ಶಂಕಿಸರು, ಅದು ಈಗ ಅನುಕೂಲವೇ ಆಗುತ್ತದೆಂದುಕೊಂಡಿದ್ದ. ಸ್ಟೇಷನ್ನಿಗೆಂದು ಹೊರಟವನು ಓಣಿ ಸುತ್ತಿ, ಮುಬೀನ ರೊಟ್ಟಿ ಬಡಿಯುವ ಹೊತ್ತಿಗೆ ತೆರೆದೇ ಇದ್ದ ಬಾಗಿಲಿನಿಂದ ಒಳಗೆ ಬಂದಿದ್ದ.

"ಪರದಿ ಹಿಡದಿದ್ದು ನೆನಪೇ ಇಲ್ಲ ರೀ. ಊರೆಲ್ಲ ಹಬ್ಬಿದ ಮ್ಯಾಲ ತುಣುಕು ನೋಡಿದಾಗ ಯಾರ ಕೈ ಅಂತ ನಾನೇ ಗಾಬರಿಯಾದೆ" ಎಂದ.

"ವರದಿ ಸಂಜಿಗಿ ಹೋಗಬೇಕಲ್ಲ, ಇಲ್ಲೇ ಬರೀರಿ, ಆಗಿದ್ದು ಆದಂಗ" ಎಂದರು ನಾಗರತ್ನಾಬಾಯಿ. ಅವನು ಲುಂಬಿನಿಯ ಕಂಪ್ಯೂಟರಿನ ಮುಂದೆಯೇ ಕೂತು ಬರೆದು ಕಳಿಸಿದ. ಲುಂಬಿನಿ ಅವನ ಬೆನ್ನಹಿಂದೆ ನಿಂತು ಪ್ರತಿ ಸಾಲು ಓದಿದಳು. ಕಂಪ್ಯೂಟರ್ ಚಾಲೂ ಬಿಟ್ಟ ತನ್ನ ತಪ್ಪನ್ನೂ ಅದರಲ್ಲಿ ಸೇರಿಸಲು ಹೇಳಿದಳು.

ಅರ್ಧ ಗಂಟೆಯ ಮೇಲೆ ಹೈದರಾಬಾದಿನಿಂದ ಅವಳಿಗೆ ಫೋನು ಬಂತು. ಅವಳು ಅಂಗಳಕ್ಕೆ ಹೋಗಿ ಮಾತಾಡಿ, ಕಣ್ಣೊರೆಸಿಕೊಂಡು ಒಳಗೆ ಬಂದು, "ನೌಕರಿ ಉಳೀತು ಮೌಶಿ" ಎಂದು ನಾಗರತ್ನಾಬಾಯಿಯ ಕಾಲು ಮುಟ್ಟಿದಳು. ಅದನ್ನು ನೋಡಿ ಮಾಸ್ತರರಿಗೆ ಮನಸ್ಸು ತುಂಬಿತು. ಸಂಗಮೇಶ್ವರನ ಹೆಸರಿನ ಕೆಳಗಿನ ಗೆರೆಗಳನ್ನು ಯಾರಿಗೂ ಕಾಣದಂತೆ ಹೊಡೆದುಹಾಕಿದರು.

ಲಕ್ಷ್ಮಿಕಾಂತ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊಸ್ತಿಲ ತನಕ ಹೋಗಿದ್ದ. ದ್ರೌಪದಿ ಮಂಚದಿಂದಲೇ ಕರೆದಳು.

"ನನ್ನ ಲೋಟ ಹಿಡದ ಕೈ ನಿಮ್ಮಪ್ಪಂದು. ನನ್ನ ಮಗಳ ಹೆಸರು ಕೆಡಿಸಿದ್ದು ಯಾರ ಕೈ ಅಪ್ಪ?"

ಅವನು ತಿರುಗಿದ. ಕೈಬೆನ್ನಿನ ಮಣ್ಣನ್ನು ಒರೆಸಿಕೊಳ್ಳದೆಯೇ ಸ್ಟೇಷನ್ನಿನ ದಾರಿ ಹಿಡಿದು ಹೋದ.